ಅಳತೆ ತಪ್ಪಿದ ಜಾಲರಿ

ನಾಸಿಕದ ಬಸ್ ಸ್ಟ್ಯಾಂಡಿನಿಂದ ರವಿವಾರ ಕಾರಂಜಾ ಎಂಬ ಪೇಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ಮೋಹನದಾಸ ಶೆಟ್ಟರ ಹೋಟೆಲು. ಕೆಳಗೆ ಇಡ್ಲಿ, ದೋಸೆ, ಬಟಾಟೆ ವಡೆ. ಮೇಲೆ ಮೂರು ಕೋಣೆಯ ಮನೆ. ಮನೆಗೆ ಹತ್ತುವ ಮೆಟ್ಟಿಲು ಹೋಟೆಲಿನ ಅಡುಗೆಮನೆಯ ಒಳಗೇ ಇತ್ತು. ಗಿರಾಕಿಗಳ ಹೊತ್ತಾಯಿತೆಂದರೆ ಮೆಟ್ಟಿಲ ಬುಡದ ಬಾಗಿಲಿಗೆ ಕೆಳಗಿನಿಂದ ಚಿಲಕ ಬೀಳುತ್ತಿತ್ತು. “ಕೆಳಗ್ ನಾಕ್ ನಮೂನಿ ಜನ ಬತ್ರ್. ನಮ್ ಹೆಂಗ್ಸ್ರ್ ಅಲ್ಲಿ ಕಾಂಬುಕಾಗ” ಎನ್ನುತ್ತಿದ್ದರು ಶೆಟ್ಟರು. ಮೇಲಿನವರಿಗೆ ಏನಾದರೂ ಬೇಕಾದರೆ ಸೌಟಿನಿಂದ ಬಾಗಿಲು ಬಡಿಯಬೇಕು. ಕೆಳಗೆ ಬಾಣಲೆಯ ಸದ್ದು, ಆರ್ಡರಿನ ಕೂಗು. ಕೇಳಿಸಿದರೆ ಕೇಳಿಸಿತು.

ಆ ಮೇಲಿನ ಮನೆಯಲ್ಲಿ ಗುಣವತಿ ಇದ್ದಳು. ಶೆಟ್ಟರ ತಮ್ಮ ಉಮಾನಾಥನ ಹೆಂಡತಿ. ಗಂಗೊಳ್ಳಿ ಹೊಳೆಯ ಆಚೆ ದಡದ ಹುಡುಗಿ, ಅರವತ್ತೆರಡರಲ್ಲಿ ಹತ್ತೊಂಬತ್ತು ತುಂಬಿದಾಗ ಮದುವೆಯಾಗಿ ಬಂದವಳು. ಎರಡು ವರ್ಷ ಕಳೆಯುವುದರೊಳಗೆ ಶೆಟ್ಟರು ಔರಂಗಾಬಾದಿನಲ್ಲಿ ಇನ್ನೊಂದು ಹೋಟೆಲು ಹಾಕಿದರು, ನೋಡಿಕೊಳ್ಳಲು ಉಮಾನಾಥನನ್ನು ಕಳಿಸಿದರು. “ಮನೆ ಸಿಕ್ಕಿದ ಕೂಡ್ಲೆ ನಿನ್ನ ಕರ್ಸ್ಕಂತೆ” ಎಂದು ಉಮಾನಾಥ ಹೋದ. ಮನೆ ಸಿಗಲೇ ಇಲ್ಲ. ಚೌತಿಗೆ ಎರಡು ದಿನ, ದೀಪಾವಳಿಗೆ ಎರಡು ದಿನ ಬರುತ್ತಿದ್ದ. ಅಣ್ಣನ ಎದುರು ತಲೆ ತಗ್ಗಿಸಿ ಊಟ ಮಾಡುತ್ತಿದ್ದ, ಕೆಂಪು ಎಸ್.ಟಿ. ಬಸ್ಸು ಹತ್ತಿ ಹೋಗುತ್ತಿದ್ದ.

ಗುಣವತಿ ಬೆಳಿಗ್ಗೆ ಅಕ್ಕಿ ಆರಿಸುವಳು, ಹೋಟೆಲಿಗೆ ಬೇಕಾದ ತೆಂಗಿನಕಾಯಿ ತುರಿಯುವಳು, ಬುಟ್ಟಿಗಟ್ಟಲೆ ಈರುಳ್ಳಿ ಹೆಚ್ಚುವಳು. ಮಧ್ಯಾಹ್ನ ಮನೆಯವರ ಅಡುಗೆ. ಶಾಕಾಹಾರಿ ಹೋಟೆಲಿನ ತಲೆಯ ಮೇಲಿನ ಮನೆಯಾದ್ದರಿಂದ ಅಲ್ಲಿಯೂ ಮೀನು ಬೇಯಿಸುವಂತಿರಲಿಲ್ಲ. ಹೊಳೆಬದಿಯಲ್ಲಿ ಬೆಳೆದವಳಿಗೆ ಮೀನಿನ ಸಾರಿನ ವಾಸನೆಯೇ ಮರೆಯುತ್ತ ಬಂದಿತ್ತು. ಹಿಂದಿನ ಗಲ್ಲಿಗೆ ತೆರೆಯುವ ಒಂದು ಕಿಟಕಿ ಇತ್ತು. ಅಲ್ಲಿ ಕಾಣುತ್ತಿದ್ದದ್ದು ಎದುರು ಗೋಡೆ ಮತ್ತು ಒಂದು ನಳ.

ಇಂಥ ಮನೆಗೆ ಅರವತ್ತೆಂಟರ ಮಳೆಗಾಲದಲ್ಲಿ ಮೀನು ಬಂತು, ಅದೂ ಜೀವಂತ.

ಶೆಟ್ಟರು ಮುಂಬೈಯ ಯಾವುದೋ ಹೋಟೆಲಿನಲ್ಲಿ ಗಾಜಿನ ಮೀನು ತೊಟ್ಟಿ ನೋಡಿ ಮರುಳಾಗಿ, ಅಂಥದೇ ಒಂದನ್ನು ತಂದು ಕೆಳಗೆ ಫ್ಯಾಮಿಲಿ ರೂಮಿನಲ್ಲಿ ಇಡಿಸಿದರು. ಕಬ್ಬಿಣದ ಚೌಕಟ್ಟು, ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ. ಒಳಗೆ ಕತ್ತಿಯಂಥ ಬಾಲದ ಕೆಂಪು ಮೀನುಗಳು, ಬೆಳ್ಳಿ ಬಣ್ಣದ ಗುರಾಮಿಗಳು, ನಾಲ್ಕು ಗೋಲ್ಡ್ ಫಿಶ್ಶು. ಗುರ್ರ್ ಎಂದು ಗಾಳಿ ಬಿಡುವ ಪಂಪು. ಒಂದು ವಾರ ಹೋಟೆಲಿನಲ್ಲಿ ಅದೇ ಮಾತು. ಎಂಟನೆಯ ದಿನ ಒಂದು ಮಾರವಾಡಿ ಕುಟುಂಬ ಬಂದು ಕೂತಿತ್ತು. ಆ ಮನೆಯ ಯಜಮಾನಿ ಕೆಳಗೆ ಬಿದ್ದ ಕರವಸ್ತ್ರ ಎತ್ತಿಕೊಳ್ಳಲು ಬಗ್ಗಿದಳು. ಕೈಗೆ ಸಿಕ್ಕಿದ್ದು ಸತ್ತ ಮೀನು.

“ಅರೇ, ಮಛಲಿ!” ಎಂದು ಕೂಗಿದ ಕೂಗು ಮೇಲಿನ ಮನೆಗೂ ಕೇಳಿಸಿತು. “ಶುದ್ಧ ಶಾಕಾಹಾರಿ ಅಂತ ಬೋರ್ಡು ಹಾಕಿ ಮಛಲಿ ಖಿಲಾತೇ ಹೋ?”

ಅದು ಹಾರಿ ಬಿದ್ದ ಮೀನು, ಬೇಯಿಸಿದ್ದಲ್ಲ ಎಂದು ಶೆಟ್ಟರು ಎಷ್ಟು ಹೇಳಿದರೂ ಆ ಕುಟುಂಬ ಎದ್ದೇ ಹೋಯಿತು. ತೊಟ್ಟಿಯ ಮೇಲೆ ಕಿಟಕಿಯ ಗಾಜು ಮುಚ್ಚಿದರು. ಮೇಲಿದ್ದ ಬಲ್ಬಿನ ಕಾವಿಗೆ ನೀರು ಬಿಸಿಯಾಗಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಗಾಜು ತೆಗೆದರು, ಮರುದಿನ ಮತ್ತೆರಡು ಹಾರಿದವು. ಶೆಟ್ಟರ ಸಿಟ್ಟು ನೆತ್ತಿಗೇರಿತು. ನಾಲ್ಕು ಜನ ಸೇರಿ ತೊಟ್ಟಿಯನ್ನು ಮೆಟ್ಟಿಲು ಹತ್ತಿಸಿ, ಗುಣವತಿ ಮಲಗುವ ಕೋಣೆಯಲ್ಲಿ ಇಟ್ಟುಹೋದರು.

ಅವಳ ಚಾಪೆ ಹಾಸಲು ಉಳಿದದ್ದು ಗೋಡೆಬದಿಯ ಒಂದು ಪಟ್ಟಿ ಜಾಗ. ಮೀನುಗಳು ಅಲ್ಲಿಯೂ ಹಾರಿದವು. ದೀಪ ಆರಿಸಿದರೆ ಹಾರುತ್ತಿದ್ದವು, ಯಾರಾದರೂ ಗಾಜು ತಟ್ಟಿದರೆ ಹಾರುತ್ತಿದ್ದವು, ಒಂದನ್ನೊಂದು ಅಟ್ಟಿಕೊಂಡು ಹೋಗಿ ಹಾರುತ್ತಿದ್ದವು. ಬೆಳಿಗ್ಗೆ ಎದ್ದರೆ ಸೆರಗಿನ ಹತ್ತಿರವೇ ಒಂದು ಒಣಗಿ ಬಿದ್ದಿರುತ್ತಿತ್ತು. ಸಾರಿಗೆ ಎಷ್ಟೋ ಮೀನು ಕೊಯ್ದವಳು ಇದನ್ನು ಹಾಗೇ ಬಿಸಾಡಲಾರದೆ ಕಾಗದದಲ್ಲಿ ಸುತ್ತುತ್ತಿದ್ದಳು.

ಶೆಟ್ಟರ ಹೆಂಡತಿ ಜಲಜಾಕ್ಷಿಗೆ ಮೀನಿನ ಚಿಂತೆ ಇರಲಿಲ್ಲ, ನೆಲದ ಚಿಂತೆ ಇತ್ತು. “ಹೆಣ್ಣೆ, ಅದ್ ಸತ್ರೆ ನಂಗೇನ್, ಬದ್ಕಿದ್ರೆ ನಂಗೇನ್. ನೆಲ ಒರ್ಸಿ ಒರ್ಸಿ ಸೊಂಟ ಬಿದ್ಹೋಯ್ತ್. ನೀನೇ ಎಂತಾರೂ ಮಾಡ್” ಎಂದಳು.

ಗುಣವತಿ ಹಳೆಯ ಸೊಳ್ಳೆಪರದೆಯನ್ನು ಕತ್ತರಿಸಿ ತೊಟ್ಟಿಯ ಬಾಯಿಗೆ ಕಟ್ಟಿದಳು. ಬಟ್ಟೆ ಒದ್ದೆಯಾಗಿ ಜೋತು ನೀರಿಗೆ ಮುಟ್ಟಿತು. ಅದರ ಮಡಿಕೆಯಲ್ಲಿ ಒಂದು ಗುರಾಮಿ ಸಿಕ್ಕಿ ಸತ್ತಿತು. ಆಮೇಲೆ ಮುರಿದುಹೋದ ಹಾಲಿನ ಕಪಾಟಿನಿಂದ ತಂತಿಯ ಜಾಲರಿ ಕಿತ್ತು ಹಾಕಿದಳು. ಅದು ಗಟ್ಟಿಯಾಗಿ ನಿಂತಿತು. ಆದರೆ ಹದಿನೈದು ದಿನದಲ್ಲಿ ತುಕ್ಕು ಹಿಡಿದು ಕೆಂಪು ಪುಡಿ ನೀರಿಗೆ ಉದುರಿತು, ಹಾರಿದ ಮೀನುಗಳ ಮೂತಿ ತರಚಿ ಬೆಳ್ಳಗಾಯಿತು.

ಹೋಟೆಲಿನಲ್ಲಿ ಪಾತ್ರೆ ತಿಕ್ಕುವ ರುಕ್ಮಿಣಿಬಾಯಿ ಮೇಲಿನ ಮನೆಯ ಪಾತ್ರೆಗೂ ಬರುತ್ತಿದ್ದಳು, ಗುಣವತಿಯನ್ನು ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದಳು. ಅವಳದು ಪಂಚವಟಿಯ ಆಚೆ ನದಿದಂಡೆಯ ಮನೆ, ಅವಳ ತಮ್ಮ ಗಂಗಾಪುರ ಅಣೆಕಟ್ಟಿನ ನೀರಿನಲ್ಲಿ ಮೀನು ಹಿಡಿಯುವವನು. ತುಕ್ಕು ಹಿಡಿದ ತಂತಿಯನ್ನು ನೋಡಿ ನಕ್ಕು ಅವಳು ಹೇಳಿದಳು: ಈಗ ನೈಲಾನಿನ ಬಲೆ ಬಂದಿದೆ ವಹಿನಿ, ಕೊಳೆಯುವುದಿಲ್ಲ, ತುಕ್ಕಿಲ್ಲ, ಸಣ್ಣ ಕಣ್ಣಿನದು ಬೇಕಾದರೆ ನೀವೇ ಬಂದು ಆರಿಸಿಕೊಳ್ಳಿ.

ನೀವೇ ಬಂದು. ಗುಣವತಿ ಆ ಮಾತನ್ನು ಎರಡು ದಿನ ಬಾಯಿಯೊಳಗೇ ಇಟ್ಟುಕೊಂಡಳು. ಮೂರನೆಯ ದಿನ ಇನ್ನೊಂದು ಮೀನು ಜಲಜಾಕ್ಷಿಯ ಕಾಲ ಬುಡಕ್ಕೇ ಬಿದ್ದಾಗ ಕೇಳಿದಳು. ಮಧ್ಯಾಹ್ನ ಎರಡರಿಂದ ನಾಲ್ಕು, ಹೋಟೆಲು ಖಾಲಿ ಇರುವ ಹೊತ್ತು. “ಹೋಯ್ಕಂಡ್ ಬಾ. ಅವ್ರ್ ಏಳೂದ್ರೊಳಗೆ ಬಾ” ಎಂದಳು ಜಲಜಾಕ್ಷಿ. ಶೆಟ್ಟರು ಆ ಹೊತ್ತಿನಲ್ಲಿ ಮಲಗುತ್ತಿದ್ದರು.

ಮಧ್ಯೆ ಒಮ್ಮೆ ಊರಿಗೆ ಹೋಗಿಬಂದದ್ದನ್ನು ಬಿಟ್ಟರೆ, ಗುಣವತಿ ಆ ಕಟ್ಟಡದಿಂದ ಹೊರಬಿದ್ದದ್ದು ಅದೇ ಮೊದಲು. ರುಕ್ಮಿಣಿಬಾಯಿಯ ಹಿಂದೆ ಹಿಂದೆ ನಡೆದಳು. ಹಿತ್ತಾಳೆ ಪಾತ್ರೆಯ ಅಂಗಡಿಗಳು, ಟಾಂಗಾಗಳು, ಇಳಿಜಾರು, ಆಮೇಲೆ ಒಮ್ಮೆಲೇ ಗೋದಾವರಿ. ನೆರೆ ಇಳಿದು ಮೆಟ್ಟಿಲುಗಳ ಮೇಲೆ ಕೆಸರು ಉಳಿದಿತ್ತು. ಅವಳು ನೋಡುತ್ತ ನಿಂತುಬಿಟ್ಟಳು. ರುಕ್ಮಿಣಿಬಾಯಿ ಕೈ ಹಿಡಿದು ಎಳೆಯಬೇಕಾಯಿತು. ಮರುದಿನ ಅವಳ ಮೀನಖಂಡ ಎರಡೂ ನೋಯುತ್ತಿದ್ದವು. ಮೆಟ್ಟಿಲು ಬಿಟ್ಟರೆ ಬೇರೆ ನಡಿಗೆ ಮರೆತ ಕಾಲುಗಳು. ಆ ನೋವು ಹೋಗುವುದು ಬೇಡ ಎನ್ನಿಸಿತು ಅವಳಿಗೆ.

ಹೀಗೆ ತಂದ ಬಲೆ ಕಟ್ಟುವುದನ್ನು ಕಲಿಸಿದ್ದು ರುಕ್ಮಿಣಿಬಾಯಿಯೇ. ಗುಣವತಿ ಮರದ ಪಟ್ಟಿಗಳನ್ನು ಮೊಳೆ ಹೊಡೆದು ಚೌಕಟ್ಟು ಮಾಡಿ, ಬಲೆಯನ್ನು ನಾಲ್ಕೂ ಕಡೆ ಬಿಗಿಯಹೊರಟಾಗ, “ಥಾಂಬಾ ವಹಿನಿ. ಆಧೀ ತಾಣಾ, ಮಗ ಬಾಂಧಾ” ಎಂದು ತಡೆದಳು. ಮೊದಲು ಎಳೆಯಬೇಕು, ಆಮೇಲೆ ಕಟ್ಟಬೇಕು. ಒಂದು ಬದಿಯನ್ನು ಪೂರ್ತಿ ಹೊಲಿದು, ಎದುರು ಬದಿಯನ್ನು ಇಬ್ಬರೂ ಎಳೆದು ಹಿಡಿದು ಹೊಲಿದರು. ಬೆರಳಿನಿಂದ ಮೀಟಿದರೆ ಟಣ್ ಎನ್ನುವಷ್ಟು ಬಿಗಿ. ತಿಂಡಿ ಹಾಕಲು ಮೂಲೆಯಲ್ಲಿ ಅಂಗೈಯಗಲದ ಬಾಗಿಲು ಬಿಟ್ಟು, ಅದಕ್ಕೆ ತನ್ನ ರವಕೆಯ ಹುಕ್ಕುಗಳನ್ನು ಹಚ್ಚಿದಳು. ಎಲ್ಲ ಮುಗಿಯಿತು ಎಂದುಕೊಂಡ ಬೆಳಿಗ್ಗೆ ನೆಲದ ಮೇಲೆ ಮತ್ತೊಂದು ಕೆಂಪು ಮೀನು. ಎಲ್ಲಿಂದ ಹಾರಿತು? ತೊಟ್ಟಿಯ ಸುತ್ತ ಕುಕ್ಕರಗಾಲಿನಲ್ಲಿ ಸುತ್ತಿ ಹುಡುಕಿದಳು. ಗಾಳಿಯ ಕೊಳವೆ ಇಳಿಯುವ ಮೂಲೆಯಲ್ಲಿ ಎರಡು ಬೆರಳಿನಷ್ಟು ಸಂದು. ನಾಲ್ಕಡಿಯ ತೊಟ್ಟಿಯಲ್ಲಿ ಆ ಮೀನು ಅಷ್ಟನ್ನೇ ಹುಡುಕಿಕೊಂಡಿತ್ತು. ಅವಳು ಕೊಳವೆಯ ಸುತ್ತ ಬಟ್ಟೆಯ ಪಟ್ಟಿ ಸುತ್ತಿ ಹೊಲಿದು ಅದನ್ನೂ ಮುಚ್ಚಿದಳು.

ಆಮೇಲೆ ಒಂದು ಮೀನೂ ಸಾಯಲಿಲ್ಲ. ತೊಟ್ಟಿ ಮತ್ತೆ ಕೆಳಗಿಳಿದು ಫ್ಯಾಮಿಲಿ ರೂಮು ಸೇರಿತು. ಶೆಟ್ಟರು ಗಿರಾಕಿಗಳಿಗೆ ಜಾಲರಿಯನ್ನು ತೋರಿಸುತ್ತ “ನಮ್ಮಲ್ಲೇ ಮಾಡಿದ್ದು” ಎನ್ನುತ್ತಿದ್ದರಂತೆ. ಯಾರು ಮಾಡಿದ್ದು ಎಂದು ಹೇಳುತ್ತಿರಲಿಲ್ಲ. ಗುಣವತಿಯ ಚಾಪೆಗೆ ಜಾಗ ಸಿಕ್ಕಿತು. ನದಿಗೆ ಹೋಗಲು ಕಾರಣ ಮಾತ್ರ ಉಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಶೆಟ್ಟರು ಔರಂಗಾಬಾದಿನ ಹೋಟೆಲಿಗೂ ಒಂದು ತೊಟ್ಟಿ ಕಳಿಸಿದರು. ಅಜಂತಾ, ಎಲ್ಲೋರಾ ನೋಡಲು ಬಂದ ಜನ ಊಟಕ್ಕೆ ನಿಲ್ಲುವ ಊರು, ಚೆಂದ ಕಾಣಲಿ ಎಂದು. ಅಲ್ಲಿಯೂ ಮೀನು ಹಾರಿತು. ಜಾಲರಿ ಬೇಕೆಂದು ಉಮಾನಾಥ ಅಳತೆ ಬರೆದು ಕಳಿಸಿದ: ಮೂರೂವರೆ ಅಡಿ ಉದ್ದ, ಒಂದು ಅಡಿ ಅಗಲ. ಗುಣವತಿ ಮಾಡಿದಳು, ಹೋಟೆಲಿನ ಕಿಟ್ಟಣ್ಣ ಅದನ್ನು ಬಸ್ಸಿನ ಮೇಲೆ ಹಾಕಿ ಕಳಿಸಿದ. ವಾರದಲ್ಲಿ ಕಾಗದ ಬಂತು. ಉದ್ದ ಹೆಚ್ಚಾಗಿದೆ, ಅಗಲ ಸಾಲದು. ಹೊಸ ಅಳತೆ ಬರೆದಿದ್ದ. ಮತ್ತೆ ಮಾಡಿದಳು. ಮತ್ತೆ ಕಾಗದ. ಈ ಸಲ ಜಾಲರಿ ತೊಟ್ಟಿಯೊಳಗೇ ಬಿತ್ತಂತೆ.

“ಅಳತೆ ಹಿಡೂಕೂ ಬತ್ತಿಲ್ಲೆ ಈ ಗಂಡಿಗೆ!” ಎಂದು ಶೆಟ್ಟರು ಕಾಗದ ಬಿಸಾಡಿದರು. ಊಟಕ್ಕೆ ಬಡಿಸುತ್ತಿದ್ದ ಜಲಜಾಕ್ಷಿ ಮೆಲ್ಲಗೆ ಹೇಳಿದಳು: “ಇವ್ಳನ್ನೇ ಕಳ್ಸಿ. ಕಣ್ಣಾರೆ ಕಂಡ್ ಮಾಡಿ ಬರ್ಲಿ. ಎರಡ್ ದಿನದ ಕೆಲ್ಸ.” ಶೆಟ್ಟರು ಅನ್ನ ಕಲಸುತ್ತ, “ಎರಡೇ ದಿನ. ಕಿಟ್ಟಣ್ಣ ಒಟ್ಟಿಗೆ ಹೋಯ್ಲಿ” ಎಂದರು.

ಯೇವಲಾ, ವೈಜಾಪುರ ದಾಟಿ ಬಸ್ಸು ಔರಂಗಾಬಾದಿಗೆ ಬರುವಾಗ ಇಳಿಹೊತ್ತು. ಗುಣವತಿ ಮಡಿಲಲ್ಲಿ ಬಲೆಯ ಸುರುಳಿ ಇಟ್ಟುಕೊಂಡು ಕೂತಿದ್ದಳು. ಗಂಡನ ಮನೆ ಹೇಗಿರಬಹುದೆಂದು ಇಷ್ಟು ವರ್ಷ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದಳು. ಅಲ್ಲಿ ಇನ್ನೊಬ್ಬಳು ಇದ್ದಾಳೆಂಬ ಅನುಮಾನವೂ ಕೆಲವೊಮ್ಮೆ ಕಟ್ಟಿಕೊಂಡದ್ದಿತ್ತು. ಪೈಠಣ ಗೇಟಿನ ಹತ್ತಿರದ ಹೋಟೆಲಿನಲ್ಲಿ ಉಮಾನಾಥ ಅವಳನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋಗಿ ಒಂದು ಕೋಣೆ ತೋರಿಸಿದ. ಸಾಮಾನಿನ ಕೋಣೆ. ಒಂದು ಗೋಡೆಗೆ ಈರುಳ್ಳಿ ಚೀಲ, ಇನ್ನೊಂದಕ್ಕೆ ಎಣ್ಣೆ ಡಬ್ಬಿ. ಮಧ್ಯೆ ಒಂದು ಹಲಗೆಯ ಮಂಚ. ಕಿಟಕಿ ಇಲ್ಲ. ಮೊಳೆಗೆ ನೇತಾಡುವ ಎರಡು ಅಂಗಿ.

“ಇದೇ?” ಎಂದಳು.

“ಇದೇ.”

ಅವನು ನೆಲ ನೋಡುತ್ತ ಹೇಳಿದ. ಮನೆ ಎಂಬುದು ಎಂದೂ ಇರಲಿಲ್ಲ. ಹೋಟೆಲಿನಲ್ಲಿ ಅವನು ಯಜಮಾನನೂ ಅಲ್ಲ. ಕೆಲಸದವರಿಗಿಂತ ಮೊದಲು ಏಳುವವನು, ಅಷ್ಟೇ. ಬಾಡಿಗೆಗೆ ಎರಡು ಕೋಣೆ ಹಿಡಿಯುತ್ತೇನೆ ಎಂದು ಅಣ್ಣನನ್ನು ಮೂರು ಸಲ ಕೇಳಿದ್ದ. ಹೆಂಡತಿ ಬಂದರೆ ನಿನಗೆ ಬೇರೆ ಒಲೆ ಬೇಕಾಗುತ್ತದೆ, ಆಮೇಲೆ ಬೇರೆ ಹೋಟೆಲು ಬೇಕಾಗುತ್ತದೆ. ಅವಳು ನಾಸಿಕದಲ್ಲೇ ಇರಲಿ, ಮೇಲಿನ ಕೆಲಸವೂ ನಡೆಯುತ್ತದೆ ಎಂದಿದ್ದರು ಅಣ್ಣ. ನಾಲ್ಕನೆಯ ಸಲ ಕೇಳಲು ಅವನಿಗೆ ಬಾಯಿ ಬರಲಿಲ್ಲ.

“ಮತ್ತೆ ಆ ಅಳತಿ…” ಎಂದು ನಿಲ್ಲಿಸಿದ. “ತಪ್ಪಿ ಬರ್ದದ್ದಲ್ಲ.”

“ಮತ್ತೆ?”

“ಬೇಕಂತ್ಲೇ ಬರ್ದದ್. ಎರಡ್ ಸಲ ತಪ್ಪಿದ್ರೆ ನಿನ್ನನ್ನೇ ಕಳ್ಸ್ತ್ರೇನೋ ಅಂದ್ಕಂಡೆ.”

ಗುಣವತಿ ಮಂಚದ ಮೇಲೆ ಕೂತಳು. ನಗು ಬಂತು, ಹಿಂದೆಯೇ ಎದೆ ಉರಿಯುವಷ್ಟು ಸಿಟ್ಟು ಬಂತು. “ಜಾಳಿ ಅಳತಿ ತಪ್ಪಿ ಬರಿಯೂಕ್ ಬತ್ತ್ ನಿಮ್ಗೆ. ಹೆಂಡ್ತಿನ ಕಳ್ಸಿ ಅಂತ ಒಂದ್ ಗೆರಿ ಬರಿಯೂಕ್ ಬರ್ಲಿಲ್ಲೆ ಅಲ್ದಾ? ಐದ್ ವರ್ಷ!” ಎಂದಳು. ಅವನು ಚೀಲದಿಂದ ಉರುಳಿ ಬಿದ್ದ ಒಂದು ಈರುಳ್ಳಿಯನ್ನು ಎತ್ತಿ ಮತ್ತೆ ಚೀಲಕ್ಕೆ ಹಾಕಿದ.

ಅವಳೇ ಟೇಪು ಹಿಡಿದು ಅಳೆದಳು. ಮೂರು ಅಡಿ, ಒಂದೂಕಾಲು ಅಡಿ. ಒಂದು ದಿನದ ಕೆಲಸ. ಅವಳು ಅದನ್ನು ಆರು ದಿನ ಮಾಡಿದಳು. ಹೊಲಿದದ್ದನ್ನು ಬಿಚ್ಚಿದಳು, ಬಲೆ ಸಡಿಲಾಯಿತೆಂದು ಮತ್ತೆ ಎಳೆದಳು. ಎರಡು ದಿನ ಕಾದು ಕಿಟ್ಟಣ್ಣ ತಲೆ ಕೆರೆದುಕೊಂಡ. “ಗುಣವತಿಯಕ್ಕ, ನಾ ಹೋತೆ. ಕೆಲ್ಸ ಮುಗಿಲಿಲ್ಲೆ ಅಂತ ಹೇಳ್ತೆ” ಎಂದು ಒಬ್ಬನೇ ಬಸ್ಸು ಹತ್ತಿದ. ಅವನು ಒಂದೂ ಪ್ರಶ್ನೆ ಕೇಳಲಿಲ್ಲ ಎಂಬುದನ್ನು ಅವಳು ಕೊನೆಯವರೆಗೂ ನೆನೆಯುತ್ತಿದ್ದಳು.

ಏಳನೆಯ ದಿನ ಬೆಳಿಗ್ಗೆ ನಾಸಿಕದಿಂದ ಟ್ರಂಕ್ ಕಾಲ್ ಬಂತು. ದುಡ್ಡಿನ ಗಲ್ಲಾದ ಮೇಲಿನ ಫೋನು. ಗುಣವತಿ ಅಡುಗೆಮನೆಯ ಪರದೆಯ ಹಿಂದೆ ನಿಂತು ನೋಡುತ್ತಿದ್ದಳು. ಉಮಾನಾಥ ಎದ್ದು ನಿಂತು ಫೋನು ಹಿಡಿದಿದ್ದ, ಅಣ್ಣ ಎದುರಿಗೇ ಇದ್ದ ಹಾಗೆ. “ಆಯ್ತ್ ಅಣ್ಣ. ಆಯ್ತ್. ನಾಳಿ ಬೆಳಿಗ್ಗೆ ಬಸ್ಸಿಗೆ ಹಾಕ್ತೆ. ಆಯ್ತ್.”

ಪರದೆಯ ಆಚೆ ಹೋಟೆಲು ತುಂಬಿತ್ತು. ಹತ್ತು ಹೆಜ್ಜೆ ಇರಬಹುದು. ಆ ಹತ್ತು ಹೆಜ್ಜೆ ನಡೆಯುವಾಗ ಎಲ್ಲರೂ ತನ್ನನ್ನೇ ನೋಡುತ್ತಾರೆ ಎಂದುಕೊಂಡಿದ್ದಳು; ಒಬ್ಬ ಮುದುಕ ಮಾತ್ರ ತಲೆಯೆತ್ತಿ, ಮತ್ತೆ ಸಾಂಬಾರಿಗೆ ವಡೆ ಅದ್ದಿಕೊಂಡ. ಅವಳು ಕೈ ಚಾಚಿದಳು. ಉಮಾನಾಥ ಬೆಪ್ಪಾಗಿ ಫೋನನ್ನು ಅವಳ ಕೈಗೆ ಕೊಟ್ಟ.

“ಬಾವ, ನಾನ್ ಗುಣವತಿ. ನಾನ್ ಬತ್ತಿಲ್ಲೆ. ಇಲ್ಲೇ ಇರ್ತೆ.”

ಮದುವೆಯಾಗಿ ಬಂದಂದಿನಿಂದ ಅವಳು ಬಾವನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು. ಆಚೆ ಕಡೆ ಗರಗರ ಸದ್ದು. ಆಮೇಲೆ, “ಅವ್ನಿಗೆ ಕೊಡ್.”

ಕೊಟ್ಟಳು. ಉಮಾನಾಥನ ಮುಖ ಬೆವರಿತ್ತು. ಗುಣವತಿ ಅವನ ಬಾಯನ್ನೇ ನೋಡುತ್ತಿದ್ದಳು. ಮತ್ತೆ ‘ಆಯ್ತ್ ಅಣ್ಣ’ ಎಂದರೆ ತಾನು ಏನು ಮಾಡುತ್ತೇನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವನು ಎರಡು ಸಲ ಬಾಯಿ ತೆರೆದು ಮುಚ್ಚಿದ.

“ಅವ್ಳ್ ಹೇಳಿದ್ದೇ, ಅಣ್ಣ,” ಎಂದು ಫೋನು ಇಟ್ಟುಬಿಟ್ಟ. ಇಟ್ಟ ಮೇಲೂ ಅದರ ಮೇಲಿಂದ ಕೈ ತೆಗೆಯಲಿಲ್ಲ.

ಶೆಟ್ಟರು ಮರುದಿನವೇ ಬಂದರು. ಕೂಗಾಡಲಿಲ್ಲ. ಮೀನು ತೊಟ್ಟಿಯ ಮುಂದೆ ಕೂತು ಕಾಫಿ ಕುಡಿದು, ತಮ್ಮನಿಗೆ ಕೇಳಿಸುವ ಹಾಗೆ ಹೇಳಿದರು: “ಇರ್ಲಿ. ಆದ್ರೆ ಇಲ್ಲಿ ಇಪ್ಪುದ್ ಅದೊಂದೇ ಕೋಣಿ. ಬೇರೆ ಮನಿ ನನ್ ಹತ್ರ ಕೇಳೂಕಾಗ.” ಸಂಜೆಯ ಬಸ್ಸಿಗೆ ಹೋದರು.

ತಿಂಗಳ ಮೇಲೆ ಜಲಜಾಕ್ಷಿಯ ಕಾಗದ ಬಂತು, ನಾಲ್ಕು ಸಾಲು. ನೀನು ಹೋದದ್ದು ಒಳ್ಳೆಯದಾಯಿತು. ಈರುಳ್ಳಿ, ಕಾಯಿ ಎಲ್ಲ ಈಗ ನನ್ನ ಮೇಲೇ ಬಿದ್ದಿದೆ. ಇಡೀ ದಿನ ಮಾತಿಗೆ ಯಾರೂ ಇಲ್ಲ. ಸಿಟ್ಟಿನಿಂದ ಬರೆದದ್ದಲ್ಲ. ಗುಣವತಿ ಅದಕ್ಕೆ ಉತ್ತರ ಬರೆಯಲು ಮೂರು ಸಲ ಕೂತಳು. ಎರಡು ದಿನದ ಕೆಲಸ, ಇವಳನ್ನೇ ಕಳಿಸಿ ಎಂದು ಜಲಜಾಕ್ಷಿಯಕ್ಕ ಅಂದು ಹೇಳಿದ್ದು ಏನನ್ನು ತಿಳಿದು? ಕೇಳಬೇಕೆಂದಿದ್ದಳು. ಕೇಳಲಿಲ್ಲ. ಕ್ಷೇಮ ಸಮಾಚಾರ ಬರೆದು ಕಳಿಸಿದಳು.

ಆ ಸಾಮಾನಿನ ಕೋಣೆಯಲ್ಲಿ ಅವರು ಏಳು ವರ್ಷ ಇದ್ದರು. ಬೇಸಿಗೆಯಲ್ಲಿ ತಗಡಿನ ಮಾಡು ಕಾದು ಎಣ್ಣೆ ಡಬ್ಬಿಗಳು ಮುಟ್ಟಿದರೆ ಸುಡುತ್ತಿದ್ದವು. ಮುಡಿದ ಹೂವಿಗೂ ಈರುಳ್ಳಿಯದೇ ವಾಸನೆ. ಎಪ್ಪತ್ತರಲ್ಲಿ ಮಗಳು ಸುಗುಣಾ ಹುಟ್ಟಿದಳು. ಎರಡು ಚೀಲದ ನಡುವೆ ತೊಟ್ಟಿಲು ಕಟ್ಟಿದರು. ನಾಸಿಕದಲ್ಲಿ ಒಂದು ಕಿಟಕಿಯಾದರೂ ಇತ್ತು ಎಂದು ಗುಣವತಿಗೆ ಅನ್ನಿಸಿದ ದಿನಗಳುಂಟು. ಗಂಡನ ಹತ್ತಿರ ಹೇಳುತ್ತಿರಲಿಲ್ಲ, ಅಷ್ಟೇ. ಎಪ್ಪತ್ತೆರಡರ ಬರದಲ್ಲಿ ನಳ ಒಣಗಿ, ಕುಡಿಯುವ ನೀರಿಗೇ ಸಾಲು ನಿಲ್ಲಬೇಕಾದಾಗ ಮೀನುಗಳನ್ನು ಬಾವಿ ಇದ್ದವರೊಬ್ಬರಿಗೆ ಕೊಟ್ಟು ತೊಟ್ಟಿ ಖಾಲಿ ಮಾಡಿದರು. ಯಾರಿಗೂ ದುಃಖವಾಗಲಿಲ್ಲ. ಉಮಾನಾಥ ಅಣ್ಣನ ಫೋನು ಬಂದರೆ ಮೊದಲಿನಂತೆಯೇ ಎದ್ದು ನಿಲ್ಲುತ್ತಿದ್ದ, ಮಿಕ್ಕ ಎಲ್ಲದಕ್ಕೂ ‘ಆಯ್ತ್ ಅಣ್ಣ’ ಎನ್ನುತ್ತಿದ್ದ.

ಎಪ್ಪತ್ತಾರರಲ್ಲಿ ಕೊನೆಗೂ ಅದೇ ಊರಿನ ಔರಂಗಪುರದಲ್ಲಿ ಹಲವು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದರು. ಅಣ್ಣನನ್ನು ಕೇಳಲಿಲ್ಲ, ಹಿಡಿದ ಮೇಲೆ ಹೇಳಿದರು. ಹೋದ ಮೂರನೆಯ ದಿನ ಮಧ್ಯಾಹ್ನ ಪಕ್ಕದ ಮನೆಯ ಪಾರ್ವತಿಬಾಯಿ ಬಾಗಿಲಲ್ಲಿ ನಿಂತು, “ಗುಣಾತಾಯಿ, ಮಂಡಈಲಾ ಯೇತಾ ಕಾ?” ಎಂದಳು. ತರಕಾರಿ ಮಂಡಿಗೆ ಬರುತ್ತೀಯಾ ಎಂದು. ಗುಣವತಿ “ಯೇತೆ” ಎಂದು ಚೀಲ ತೆಗೆದುಕೊಂಡು ಹೊಸ್ತಿಲ ತನಕ ಬಂದು, ಹಿಂದಿರುಗಿ ಒಳಗೆ ನೋಡಿದಳು. ಕೇಳಿ ಹೋಗಬೇಕಲ್ಲ ಎಂದು ನಿಂತಳು. ಉಮಾನಾಥ ಹೋಟೆಲಿನಲ್ಲಿದ್ದ, ಮಗಳು ಶಾಲೆಯಲ್ಲಿ. ಮನೆಯಲ್ಲಿ ಕೇಳಲು ಯಾರೂ ಇರಲಿಲ್ಲ. ಪಾರ್ವತಿಬಾಯಿ ಅಂಗಳದಲ್ಲಿ ಕಾಯುತ್ತ, ಏನಾಯಿತು ಎಂಬಂತೆ ನೋಡಿದಳು. ಗುಣವತಿ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.